ನಿಡುಗಲ್ಲಿನ ತಾಯಿಯನ್ನು ಕೇಳು

ಗಿರಿಜಳಿಗೆ ಆರು ವರ್ಷ. ಹುಟ್ಟುವಾಗಲೇ ತಲೆಯಲ್ಲಿ ನೀರು ತುಂಬಿತ್ತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ, ಆ ನೀರು ಇಳಿದುಹೋಗಲು ಒಳಗೊಂದು ಸಣ್ಣ ಕೊಳವೆ ಇಟ್ಟಿದ್ದರು. ಆಮೇಲೆ ಫಿಟ್ಸ್ ಶುರುವಾಯಿತು. ಅದಕ್ಕೆ ತುಮಕೂರಿನ ಡಾಕ್ಟರು. ಸೆಟೆದ ಕಾಲುಗಳ ವ್ಯಾಯಾಮಕ್ಕೆ ಸಿರಾ. ತಾಯಿ ಸ್ನೇಹಲತಾ ಮಗುವನ್ನು ಸೊಂಟಕ್ಕೇರಿಸಿಕೊಂಡು, ಚೀಟಿಗಳ ಚೀಲ ಹಿಡಿದು ತನ್ನೂರು ಹುಲಿಕುಂಟೆಯಿಂದ ಈ ಮೂರೂ ಊರು ತಿರುಗುತ್ತಿದ್ದಳು. ಒಬ್ಬ ಡಾಕ್ಟರು ಬರೆದದ್ದನ್ನು ಇನ್ನೊಬ್ಬರು ಓದಿರುತ್ತಾರೆ ಅಂತಲೇ ನಂಬಿದ್ದಳು.

ಓದಿರಲಿಲ್ಲ. ಸಂಕ್ರಾಂತಿ ಕಳೆದ ವಾರ ಒಂದೇ ಔಷಧಿಯನ್ನು ಎರಡು ಕಡೆ, ಎರಡು ಹೆಸರಲ್ಲಿ ಬರೆದುಕೊಟ್ಟರು. ಸ್ನೇಹಲತಾ ಎರಡನ್ನೂ ಹೊತ್ತು ತಪ್ಪದೆ ಕುಡಿಸಿದಳು. ಮಗು ಎರಡು ದಿನ ಕಣ್ಣು ಬಿಡಲಿಲ್ಲ. ಯಾರೂ ಅವಳನ್ನು ಬೈಯಲಿಲ್ಲ. ಆದರೂ ಕೈಯಾರೆ ಕುಡಿಸಿದವಳು ತಾನೇ ಅನ್ನುವುದು ಎದೆಯಲ್ಲಿ ಕೂತುಬಿಟ್ಟಿತು.

"ಇವಳಿಗೆ ಇನ್ನೊಬ್ಬ ಡಾಕ್ಟರು ಬೇಡಮ್ಮ," ಅಂದರು ಬೆಂಗಳೂರಿನ ಡಾಕ್ಟರು. "ನಮ್ಮೆಲ್ಲರ ಮಾತನ್ನೂ ಒಂದು ಕಡೆ ಇಟ್ಟುಕೊಂಡು, ನಿಮ್ಮ ಜೊತೆ ನಿಲ್ಲೋ ಒಬ್ಬರು ಬೇಕು." ಆ ಕೆಲಸ ಮಾಡುವ ಇಬ್ಬರ ಹೆಸರು ಬರೆದುಕೊಟ್ಟರು.

ಮೊದಲು ಬಂದವನು ತುಮಕೂರಿನ ಒಂದು ಕಂಪನಿಯ ಅನಿಲ್ ಕುಮಾರ್. ಮರ್ಯಾದಸ್ಥ. ಮೊಬೈಲಿನಲ್ಲಿ ಎಲ್ಲ ತೋರಿಸಿದ. ಔಷಧಿಯ ಹೊತ್ತಿಗೆ ಅದೇ ಕೂಗಿ ಹೇಳುತ್ತದಂತೆ. ಸ್ನೇಹಲತಾ ಒಂದೇ ಮಾತು ಕೇಳಿದಳು. "ನಿಮ್ ಕೈಲಿ ಯಾವತ್ತಾದ್ರೂ ತಪ್ಪಾಗೈತಾ?"

"ನಮ್ಮ ಸಿಸ್ಟಮ್ಮಲ್ಲಿ ತಪ್ಪಾಗೋ ಚಾನ್ಸೇ ಇಲ್ಲಮ್ಮ."

ಕುರಿ ಕಾಯುವ ಗಂಡ ರಾಜಣ್ಣನಿಗೆ ಒಪ್ಪಿಕೊಳ್ಳಲು ಅಷ್ಟೇ ಸಾಕಾಗಿತ್ತು.

ಎರಡು ದಿನ ಬಿಟ್ಟು ಕರಿಬಸಮ್ಮ ಬಂದಳು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾಗಿ, ಈಗ ಸಿರಾದಲ್ಲಿ ಇನ್ನೊಬ್ಬ ನರ್ಸಿನ ಜೊತೆ ಇಂಥ ಮಕ್ಕಳ ಮೇಲ್ವಿಚಾರಣೆ ನೋಡುತ್ತಿದ್ದಳು. ಕಾಗದ ಕೇಳಲಿಲ್ಲ. ಸ್ನೇಹಲತಾ ಮಗುವಿಗೆ ಗಂಜಿ ಕುಡಿಸುವುದನ್ನು ಕೊನೆಯ ಚಮಚದವರೆಗೂ ನೋಡುತ್ತ ಕೂತಳು. ಸ್ನೇಹಲತಾ ಅವಳಿಗೂ ಅದೇ ಪ್ರಶ್ನೆ ಹಾಕಿದಳು.

ಕರಿಬಸಮ್ಮ ಮಗುವಿನ ಬಾಯಿ ಒರೆಸಿದಳು. "ಆಗೈತೆ. ನಿಡುಗಲ್ಲಿನ ಒಂದು ಹುಡುಗ. ಉಸಿರಿನ ತೊಂದರೆ ಇತ್ತು. ಅವರವ್ವ ಫೋನ್ ಮಾಡ್ದಾಗ ನಾನು ಮದುವೆ ಮನೇಲಿದ್ದೆ, ಫೋನು ಚೀಲದಾಗಿತ್ತು. ಮೂರು ಸಲ ಮಾಡಿದ್ಲು. ನಾನು ನೋಡೋ ಹೊತ್ಗೆ ಮಗ ಹೋಗ್ಬುಟ್ಟಿದ್ದ." ಎದ್ದು ನಿಂತಳು. "ನನ್ ಮಾತು ನಂಬಿ ಒಪ್ಕಬ್ಯಾಡ. ಲಕ್ಷ್ಮೀದೇವಿ ಅಂತ ಆ ತಾಯಿ. ಹೋಗಿ ಕೇಳು."

ಅವಳು ಹೋದ ಮೇಲೆ ರಾಜಣ್ಣ ಕಿಡಿಕಿಡಿಯಾದ. "ಒಂದು ಮಗೀನ ಕಳ್ದೋಳ ಕೈಗೆ ನಮ್ ಮಗೀನ ಕೊಡ್ಬೇಕಾ?"

"ಕೊಡಾನ ಅಂತ ನಾನೆಲ್ಲಂದೆ? ಕೇಳ್ಕಂಡ್ ಬತ್ತೀನಿ."

ಪಾವಗಡದ ಕಡೆ ಬಿಸಿಲು ಜೋರು. ನಿಡುಗಲ್ ಬೆಟ್ಟದ ಬುಡದ ಮನೆಯಲ್ಲಿ ಲಕ್ಷ್ಮೀದೇವಿ ಬಿತ್ತನೆಗೆ ಕಡಲೆಕಾಯಿ ಬಿಡಿಸುತ್ತಿದ್ದಳು. "ರಾ ಅಮ್ಮ," ಅಂತ ತೆಲುಗಿನಲ್ಲೇ ಕರೆದು ಚಾಪೆ ಸರಿಸಿದಳು. ಬಂದ ಕಾರಣ ಕೇಳಿ ಅವಳ ಬೆರಳು ಅರೆಗಳಿಗೆ ನಿಂತವು.

"ಅವತ್ತು ಅವಳು ಫೋನ್ ಎತ್ತಿದ್ರೆ ನನ್ ಮಗ ಉಳೀತಿದ್ನಾ? ತೆಲೀದು, ಗೊತ್ತಿಲ್ಲ ಕಣಮ್ಮ. ಹನ್ನೊಂದನೇ ದಿನ ಬಂದ್ಲು. ನಾನು ಮುಖ ನೋಡ್ಲಿಲ್ಲ. ಅಗಾ, ಆ ಜಗಲಿ ಮೇಲೆ ಕೂತು, ತಪ್ಪು ನಂದೇ ಅಂದ್ಲು. ಇನ್ಯಾರೂ ಅಂಗನ್ನಲಿಲ್ಲ. ಆಮೇಲೇನೇ ಇನ್ನೊಬ್ಬಳ್ನ ಜೊತೆಗೆ ಸೇರಿಸ್ಕಂಡಿದ್ದು, ಒಬ್ಬಳು ಎತ್ತದಿದ್ರೆ ಇನ್ನೊಬ್ಬಳು ಎತ್ಲಿ ಅಂತ. ಅಷ್ಟು ಬುದ್ಧಿ ಬರಾಕೆ ನನ್ ಮಗಾನೇ ಬೇಕಿತ್ತಾ? ಆ ಸಿಟ್ಟು ಇವತ್ತಿಗೂ ಐತೆ."

"ಅಂಗಾದ್ರೆ ಬ್ಯಾಡ ಅಂತೀಯಾ ಅಕ್ಕ?"

ಲಕ್ಷ್ಮೀದೇವಿ ತಲೆ ಎತ್ತಲಿಲ್ಲ. "ನನಗೆ ಅಂತಾದೇ ಇನ್ನೊಂದು ಮಗು ಇದ್ದಿದ್ರೆ ಅವಳ್ನೇ ಕರೀತಿದ್ದೆ."

ಸ್ನೇಹಲತಾ ಅವಳ ಪಕ್ಕದಲ್ಲೇ ಕೂತು, ಬಸ್ಸಿನ ಹೊತ್ತಾಗುವವರೆಗೂ ಕಾಯಿ ಬಿಡಿಸಿದಳು. ಮಾರನೇ ಬೆಳಗ್ಗೆ ಕರಿಬಸಮ್ಮನಿಗೆ ಬರಲು ಹೇಳಿದಳು. ರಾಜಣ್ಣ ಕುರಿ ಹೊಡೆದುಕೊಂಡು ಹೋದ.

ಕರಿಬಸಮ್ಮ ಆ ದಿನವೆಲ್ಲ ಚೀಟಿಗಳನ್ನು ನೆಲದ ಮೇಲೆ ಹರಡಿಕೊಂಡು ಒಬ್ಬೊಬ್ಬ ಡಾಕ್ಟರಿಗೂ ಫೋನ್ ಮಾಡಿದಳು. ಅವರು ಹೇಳಿದಂತೆ ಎರಡು ಔಷಧಿ ನಿಂತವು. ಉಳಿದದ್ದು ಒಂದೇ ಹಾಳೆಗೆ ಬಂದು ಗೋಡೆಗೆ ಅಂಟಿತು.

ಶ್ರಾವಣದ ಒಂದು ಮಧ್ಯಾಹ್ನ ಗಿರಿಜ ಇದ್ದಕ್ಕಿದ್ದಂತೆ ವಾಂತಿ ಮಾಡಿಕೊಂಡು, ಕಣ್ಣು ಮೇಲೆ ಮಾಡಿದಳು. ಕರಿಬಸಮ್ಮ ಮೊದಲನೇ ರಿಂಗಿಗೇ ಎತ್ತಿದಳು. ನಾಲ್ಕು ಮಾತು ಕೇಳಿ, "ಕೊಳವೆ ಕಟ್ಕಂಡಿರಬೇಕು. ಆಂಬುಲೆನ್ಸ್ ಕಳಿಸ್ತೀನಿ, ಎಲ್ಲೂ ನಿಲ್ಲದೆ ನೇರ ಬೆಂಗ್ಳೂರಿಗೇ ಹೋಗ್ಲಿ. ಡಾಕ್ಟರಿಗೆ ನಾನು ಹೇಳ್ತೀನಿ," ಅಂದಳು. ಇವರು ತಲುಪುವ ಹೊತ್ತಿಗೆ ಅಲ್ಲಿ ಎಲ್ಲ ಸಿದ್ಧವಾಗಿತ್ತು. ಅವತ್ತೇ ಕೊಳವೆ ಬದಲಿಸಿದರು.

ಮಗು ಉಳಿಯಿತು. ತಲೆಯೊಳಗಿನ ನೀರಿನ ಒತ್ತಡಕ್ಕೆ ಎಡಗಣ್ಣಿನ ನೋಟ ಮಾತ್ರ ಹೋಯಿತು.

ಊರಿಗೆ ಬಂದ ದಿನ ಕರಿಬಸಮ್ಮ ಮನೆಯೊಳಗೆಲ್ಲ ಒಮ್ಮೆ ನೋಡಿ, ಬಾಗಿಲು ಮಗುವಿನ ಬಲಗಡೆಗೆ ಬರುವ ಹಾಗೆ ಹಾಸಿಗೆ ತಿರುಗಿಸಬೇಕು ಅಂದಳು. ರಾಜಣ್ಣ ಎದ್ದು ಒಂದು ತುದಿ ಹಿಡಿದ, ಅವಳು ಇನ್ನೊಂದು ತುದಿ. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಗಿರಿಜ ಕತ್ತು ಹೊರಳಿಸಿ, ಆ ಸೈಕಲ್ ಮರೆಯಾಗುವವರೆಗೂ ನೋಡಿದಳು.