ಐದು ಸಾವಿರದ ಕೆಲಸ

ನನ್ನ ಮಗಳು ಕೃತಿ ಸೈಕಾಲಜಿ ಎಂ.ಎ. ಮುಗಿಸಿದ ವರ್ಷ ಬ್ಯಾಂಕಿನಲ್ಲಿ ಅವಳ ಹೆಸರಿಗೆ ಒಂದೂವರೆ ಲಕ್ಷ ಸಾಲವಿತ್ತು. ಜಾಮೀನು ನಿಂತವನು ನನ್ನ ಹೆಂಡತಿ ಸುಮತಿಯ ತಮ್ಮ ಹರಿಹರ, ಅದೇ ಬ್ಯಾಂಕಿನ ನೌಕರ. ಅಡ್ಯಾರಿನ ಸಣ್ಣ ಕೌನ್ಸೆಲಿಂಗ್ ಸೆಂಟರೊಂದು ಕೃತಿಗೆ ತಿಂಗಳಿಗೆ ಐದು ಸಾವಿರ ಕೊಡುತ್ತೇನೆ ಎಂದಿತ್ತು. ಒಂದು ಕಾಲ್ ಸೆಂಟರ್ ಹನ್ನೆರಡು ಸಾವಿರ ಎಂದಿತ್ತು. ಸಾಲದ ಕಂತೇ ಮೂರು ಸಾವಿರದ ಮೇಲೆ. ತಿಂಗಳ ಕೊನೆಯೊಳಗೆ ಅವಳು ಎರಡರಲ್ಲಿ ಒಂದನ್ನು ಒಪ್ಪಿಕೊಳ್ಳಬೇಕಿತ್ತು.

ಹರಿಹರ ಭಾನುವಾರ ಊಟಕ್ಕೆ ಬಂದು, ಕಂತು ಕಟ್ಟಿ ಬಸ್ ಪಾಸು ತೆಗೆದರೆ ಅವಳ ಕೈಯಲ್ಲಿ ಉಳಿಯುವುದು ಒಂದು ಸೀರೆಗೂ ಸಾಲದು ಎಂದು ವಿವರಿಸಿದ.

"ಭಾವ, ಈ ಓದಿಗೆ ಸಾಲ ಕೊಟ್ಟ ನಮ್ಮ ಮ್ಯಾನೇಜರಿಗೇ ಮೊದಲು ಡಾಕ್ಟರ್ ಬೇಕು," ಎಂದ.

ಸಾರಿನ ಬಟ್ಟಲು ಅವನ ಕಡೆ ತಳ್ಳಿ, ತಿಂದು ಎದ್ದು ಹೋಗು ಎಂದೆ. ಆದರೆ ಲೆಕ್ಕ ಸುಳ್ಳಾಗಿರಲಿಲ್ಲ. ಕೃತಿಯೂ ತಲೆ ತಗ್ಗಿಸಿ, ಕಾಲ್ ಸೆಂಟರಿಗೇ ಹೋಗುತ್ತೇನೆ ಎಂದಳು. ಅವಳ ಮುಖ ನೋಡಲಾಗಲಿಲ್ಲ.

ನಾನು ಬೀಚ್–ತಾಂಬರಂ ಲೋಕಲ್ ಟ್ರೈನ್ ಓಡಿಸುವ ಮೋಟರ್‌ಮನ್. ನಮ್ಮ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ಕಿಟ್ಟಣ್ಣನೂ ಅದೇ ಕೆಲಸದವನು. ತಿಂಗಳ ಮೊದಲಿಗೆ ಕ್ರೋಂಪೇಟೆ ಹತ್ತಿರ ಹಳಿ ದಾಟುತ್ತಿದ್ದವನೊಬ್ಬ ಅವನ ಗಾಡಿಗೆ ಸಿಕ್ಕಿ ಸತ್ತಿದ್ದ. ಇಂಥದ್ದು ನಮ್ಮೆಲ್ಲರಿಗೂ ಆಗಿದೆ. ಅದಕ್ಕೆ ನಮ್ಮಲ್ಲೊಂದು ಪದ್ಧತಿ. ಗಾಡಿಯಿಂದ ಇಳಿದವನು ಹೊರಗಿನ ನಲ್ಲಿಯಲ್ಲೇ ತಲೆಗೆ ನೀರು ಹಾಕಿಕೊಂಡು ಮನೆಯೊಳಗೆ ಬರಬೇಕು. ಪಿಳ್ಳೈಯಾರ್ ಗುಡಿಯಲ್ಲಿ ಗಣಪತಿಗೆ ಕಾಯಿ ಒಡೆಯಬೇಕು. ಆಮೇಲೆ ಯಾರೂ ಆ ಮಾತು ಎತ್ತಬಾರದು. ಅವನ ಮನೆಗೆ ಹೋಗಿ ಕ್ರಿಕೆಟ್ ಮಾತಾಡಿ, ಕಾಫಿ ಕುಡಿದು ಬರಬೇಕು. ನಾವೆಲ್ಲ ಹಾಗೇ ಮಾಡಿದ್ದೆವು. ಕಿಟ್ಟಣ್ಣ ಮಾತ್ರ ಹಾಸಿಗೆ ಬಿಟ್ಟು ಎದ್ದಿರಲಿಲ್ಲ.

ಆ ಭಾನುವಾರ ಸಂಜೆ ಅವನ ಹೆಂಡತಿ ಕೌಸಲ್ಯಾ ಅಳುತ್ತಾ ಬಂದಳು. ಅವನು ಕೆಲಸವನ್ನೇ ಬಿಡುತ್ತಾನಂತೆ. ನಾನು ಹೋಗಿ, ಎರಡು ಮಕ್ಕಳ ತಂದೆಗೆ ಇದೇನು ನಾಟಕ ಎಂದು ಕೂಗಾಡಿದೆ. ಅವನು ಗೋಡೆ ಕಡೆ ತಿರುಗಿದ. ನನ್ನ ಹಿಂದೆಯೇ ಬಂದ ಕೃತಿ ಅವನ ಎದುರು ನೆಲದ ಮೇಲೆ ಕೂತಳು.

"ಕಿಟ್ಟು ಮಾಮಾ, ಅವತ್ತು ನೀವು ಏನು ನೋಡಿದಿರಿ?"

ಎತ್ತಬಾರದ ಮಾತು. ನನಗೆ ಮೈ ಉರಿಯಿತು.

"ಬಾಯಿ ಮುಚ್ಚೇ."

"ಅಪ್ಪಾ, ನೀ ಕೊಂಚ ಹೊರಗೆ ಇರು ಪಾ," ಎಂದಳು. ಗಟ್ಟಿಯಾಗಿ ಹೇಳಲಿಲ್ಲ. ಆದರೂ ನಾನು ಹೊರಗೆ ಹೋದೆ.

ಕಿಟಕಿಯಿಂದ ಕಿಟ್ಟಣ್ಣನ ದನಿ ಕೇಳಿತು. ಬ್ರೇಕು ಹಾಕಿದೆ, ಗಾಡಿ ನಿಲ್ಲಲಿಲ್ಲ, ಅವನು ನನ್ನನ್ನೇ ನೋಡಿದ ಎಂದು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದ. ಕೃತಿ ಒಂದು ಸಲವೂ ತಡೆಯಲಿಲ್ಲ.

ಮರುದಿನದಿಂದ ಅವಳು ಅವನನ್ನು ಕ್ರೋಂಪೇಟೆ ಸ್ಟೇಷನ್ನಿಗೆ ಕರೆದುಕೊಂಡು ಹೋಗತೊಡಗಿದಳು. ಇಬ್ಬರೂ ಬೆಂಚಿನ ಮೇಲೆ ಕೂತು ಬಂದು ಹೋಗುವ ಗಾಡಿ ನೋಡುವುದು, ಅಷ್ಟೇ. ಹರಿಹರನಿಗೆ ಸುದ್ದಿ ಮುಟ್ಟಿತು. ಟ್ರೈನ್ ನೋಡೋದಕ್ಕೆ ಒಂದೂವರೆ ಲಕ್ಷದ ಓದು ಬೇಕಿತ್ತೇ ಎಂದು ಫೋನಿನಲ್ಲಿ ನಕ್ಕ. ನಾನು ಫೋನು ಕುಕ್ಕಿದೆ. ಒಳಗೊಳಗೆ ನನಗೂ ಅದೇ ಪ್ರಶ್ನೆ.

ಮೊದಲು ಕಿಟ್ಟಣ್ಣ ಹಾರ್ನ್ ಕೇಳಿದರೆ ಬೆವರುತ್ತಿದ್ದ. ಆಮೇಲೆ ಬೆಂಚಿನ ಮೇಲೆ ವಡೆ ತಿನ್ನತೊಡಗಿದ. ಮೇಲಿನವರು ಒಪ್ಪಿದ ಮೇಲೆ ಅವನು ಕೆಲವು ದಿನ ಬೇರೊಬ್ಬ ಮೋಟರ್‌ಮನ್ ಪಕ್ಕದಲ್ಲಿ ನಿಂತು ಹೋಗಿಬಂದ. ಕೊನೆಗೆ ತಿಂಗಳು ಮುಗಿಯುವ ದಿನ ಗಾಡಿ ಅವನ ಕೈಗೆ ಬಂತು.

ಅವತ್ತು ಕ್ರೋಂಪೇಟೆ ಪ್ಲಾಟ್‌ಫಾರ್ಮಿನಲ್ಲಿ ನಾನು, ಕೃತಿ, ಕೌಸಲ್ಯಾ ನಿಂತಿದ್ದೆವು. ಕಾಲ್ ಸೆಂಟರಿನ ಪತ್ರಕ್ಕೆ ಸಹಿ ಹಾಕಿಸಲೆಂದು ಹರಿಹರನೂ ಬಂದಿದ್ದ. ದೂರದಲ್ಲಿ ಹಾರ್ನ್ ಕೇಳಿತು. ಆ ಜಾಗ ದಾಟುವಾಗ ಮತ್ತೊಮ್ಮೆ, ಉದ್ದವಾಗಿ. ಕೌಸಲ್ಯಾ ಕಣ್ಣು ಮುಚ್ಚಿಕೊಂಡಳು. ಗಾಡಿ ನಿಲ್ಲಬೇಕಾದ ಗುರುತಿನಲ್ಲೇ ನಿಂತಿತು, ಒಂದು ಗೇಣೂ ಆಚೀಚೆ ಇಲ್ಲ.

ಕಿಟ್ಟಣ್ಣ ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನು ನೋಡಿದ.

"ಏನೋ ಭೋಜರಾಜ, ಬಾಯಿ ಬಿಟ್ಕೊಂಡು ನಿಂತಿದೀಯ? ಹಿಂದೆ ಸರಿ, ಗಾಡಿ ಲೇಟಾಗ್ತಿದೆ."

ಕೌಸಲ್ಯಾ ಅಳುತ್ತಲೇ ನಕ್ಕಳು. ಗಾಡಿ ಹೊರಟಿತು, ಬಾಗಿಲಲ್ಲಿ ಜೋತುಬಿದ್ದ ಜನರ ಸಮೇತ. ನಾನು ಹರಿಹರನ ಕೈಯಿಂದ ಪತ್ರ ಕಿತ್ತು ಎರಡು ತುಂಡು ಮಾಡಿದೆ.

"ಮೊದಲ ವರ್ಷದ ಕಂತು ನನ್ನ ಸಂಬಳದಿಂದ. ನೀನು ಇನ್ನು ಬಾಯಿ ಬಿಡಬೇಡ."

ಹರಿಹರ ಜೇಬು ತಡಕಿ ಒಂದು ರೂಪಾಯಿ ನಾಣ್ಯ ತೆಗೆದು ಕೃತಿಯ ಕೈಗಿಟ್ಟ. ಅವಳು ಕಾಯಿನ್ ಫೋನಿನ ಹತ್ತಿರ ಹೋಗಿ ಅಡ್ಯಾರಿಗೆ ಫೋನ್ ಮಾಡಿದಳು.

ಆಮೇಲೆ ಮೋಟರ್‌ಮನ್‌ಗಳ ಹೆಂಡತಿಯರು ಒಬ್ಬೊಬ್ಬರಾಗಿ ಅವಳನ್ನು ಹುಡುಕಿಕೊಂಡು ಬಂದರು. ನಮ್ಮ ಯೂನಿಯನ್ ವಾರಕ್ಕೆರಡು ದಿನ ಅವಳಿಗೆ ಒಂದು ಕೋಣೆ ಕೊಟ್ಟು ಫೀಸೂ ಗೊತ್ತುಮಾಡಿತು. ಆ ಫೀಸೇ ಕಂತಿಗಿಂತ ಹೆಚ್ಚಾಯಿತು. ಗಡುವಿಗೆ ಮೊದಲೇ ಸಾಲ ತೀರಿತು. ಬಾಕಿ ಇಲ್ಲವೆಂಬ ಪತ್ರವನ್ನು ಹರಿಹರನೇ ತಂದುಕೊಟ್ಟ.

ಅದನ್ನು ಅವಳ ಡಿಗ್ರಿಯ ಪಕ್ಕದಲ್ಲಿ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದೇನೆ. ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತೇನೆ. ಸುಮತಿಗೆ ನಾಚಿಕೆಯಂತೆ. ನನಗಿಲ್ಲ.