ಮಂಗಳವಾರದ ಉಪ್ಪು

ಇಪ್ಪತ್ತನಾಲ್ಕು ವರ್ಷಗಳಲ್ಲಿ ಒಂದೇ ಒಂದು ಮಂಗಳವಾರವನ್ನೂ ತಪ್ಪಿಸಿಲ್ಲ ಎಂಬುದು ಮಳೆ ಮೇಷ್ಟ್ರ ಹೆಗ್ಗಳಿಕೆ. ಶಾಲೆಯಿಂದ ನಿವೃತ್ತರಾದರೂ ತಾರಸಿಯ ಮೇಲಿನ ಮಳೆ ಡಬ್ಬಿಯಿಂದ ಅವರು ನಿವೃತ್ತರಾಗಲಿಲ್ಲ. ವಾರದ ಮಳೆನೀರನ್ನು ಬಾಟಲಿಗೆ ಸುರಿದು, ಚೀಟಿ ಅಂಟಿಸಿ, ಸಹಿ ಹಾಕಿ ಪ್ರಯೋಗಾಲಯಕ್ಕೆ ಕಳಿಸಬೇಕು. ಅದರಲ್ಲಿ ಎಷ್ಟು ಆಮ್ಲವಿದೆ ಎಂದು ಅಲ್ಲಿಯವರು ಅಳೆಯುತ್ತಾರೆ. ಇದಕ್ಕಾಗಿಯೇ ಮುಂದಿನ ವಾರ ಮೇಷ್ಟ್ರಿಗೆ ಸನ್ಮಾನ. ಭಾಷಣವನ್ನು ಕನ್ನಡಿಯ ಮುಂದೆ ಎಷ್ಟು ಸಲ ಒಪ್ಪಿಸಿದ್ದರೆಂದರೆ, ಹೆಂಡತಿಗೂ ಅದು ಬಾಯಿಪಾಠವಾಗಿತ್ತು.

ಅಂಥ ಹೊತ್ತಿಗೆ ಪ್ರಯೋಗಾಲಯದ ವಿಜ್ಞಾನಿ ಮನೆಗೇ ಬಂದು ಊಟದ ಮೇಜಿನ ಮೇಲೆ ಮಾರುದ್ದದ ನಕ್ಷೆಯೊಂದನ್ನು ಹರಡಿದಳು.

"ಮೇಷ್ಟ್ರೇ, ಕಾರ್ಖಾನೆ ಚಿಮಣಿಗೆ ಹೊಗೆ ಶೋಧಿಸೋ ಯಂತ್ರ ಹಾಕಿದ್ದು ನೀವು ನೀರು ಕಳಿಸೋಕೆ ಶುರು ಮಾಡಿದ ಹದಿನೈದನೇ ವರ್ಷ. ಅಲ್ಲಿಂದ ಮಳೇಲಿ ಆಮ್ಲ ಇಳಿದಿದೆ, ನೋಡಿ. ಈಗ ಆ ಯಂತ್ರ ತೆಗೀತೀವಿ, ಅದರಿಂದ ಏನೂ ಉಪಯೋಗ ಆಗಿಲ್ಲ ಅಂತ ಕಾರ್ಖಾನೆಯವರು ಅರ್ಜಿ ಹಾಕಿದಾರೆ. ಸೋಮವಾರ ವಿಚಾರಣೆ. ನಮ್ಮ ಕೈಲಿರೋದು ನಿಮ್ಮ ಬಾಟಲಿಗಳ ಲೆಕ್ಕ ಒಂದೇ."

ಮೇಷ್ಟ್ರು ಕಾಲರ್ ಸರಿಮಾಡಿಕೊಂಡರು.

"ಒಂದು ತೊಡಕಿದೆ. ಹನ್ನೆರಡನೇ ವರ್ಷದವರೆಗೆ ನಿಮ್ಮ ಮಳೇಲಿ ಉಪ್ಪು. ಸಮುದ್ರ ನೋಡಿದ್ರೆ ಎಲ್ಲೋ ಇದೆ. ಆಮೇಲೆ ಒಂದು ಮಂಗಳವಾರದಿಂದ ಉಪ್ಪೇ ಇಲ್ಲ. ಅವತ್ತು ಏನು ಬದಲಾಯ್ತು? ಅದನ್ನ ಹೇಳದಿದ್ರೆ, ಆಮ್ಲ ಇಳಿದಿದ್ದೂ ಅದರಿಂದಲೇ ಅಂತ ಅವರ ವಕೀಲರು ಇಡೀ ದಾಖಲೆನೇ ತಳ್ಳಿಹಾಕ್ತಾರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೇಷ್ಟ್ರ ಕೈ ಜೇಬಿಗೆ ಹೋಯಿತು. ಜೇಬಿನಲ್ಲಿ ಎಂದಿನಂತೆ ಉಪ್ಪು ಹಚ್ಚಿದ ಕಡಲೆಬೀಜ. ಕೈಗವಸು ಹಾಕಿಕೊಂಡೇ ಡಬ್ಬಿ ಮುಟ್ಟಿ ಎಂದು ಸೂಚನೆಯ ಪುಸ್ತಕ ಹೇಳಿತ್ತು. ಸೂಚನೆ ಓದುವುದು ವಿದ್ಯಾರ್ಥಿಗಳ ಕೆಲಸ ಎಂದು ಮೇಷ್ಟ್ರು ನಂಬಿದ್ದರು.

ಹೆಂಡತಿ ಏನೂ ಗೊತ್ತಿಲ್ಲದವಳ ಹಾಗೆ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಗೊತ್ತಿದ್ದವಳು ಅವಳೊಬ್ಬಳೇ. ಮೇಷ್ಟ್ರ ಮಂಡಿ ಕೈಕೊಟ್ಟ ಮೇಲೆ ಪ್ರತಿ ಮಂಗಳವಾರ ಏಣಿ ಹತ್ತಿದವಳು ಅವಳು, ಕೈಗವಸು ಹಾಕಿಕೊಂಡವಳೂ ಅವಳು. ಮೇಷ್ಟ್ರು ಕೆಳಗೆ ನಿಂತು "ಹುಷಾರು, ಹುಷಾರು" ಎಂದು ಕೂಗಿ, ಅವಳು ಇಳಿದು ಬಂದ ಮೇಲೆ ಚೀಟಿಗೆ ಗಂಭೀರವಾಗಿ ಸಹಿ ಹಾಕುತ್ತಿದ್ದರು. ಹನ್ನೆರಡು ವರ್ಷ ಅವಳು ಅದನ್ನು ಯಾರ ಮುಂದೆಯೂ ಆಡಿರಲಿಲ್ಲ.

ಬಾಯಿಬಿಟ್ಟರೆ ಸನ್ಮಾನ ಹೋಯಿತು. ಬಿಡದಿದ್ದರೆ ಇಷ್ಟು ವರ್ಷದ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮೇಷ್ಟ್ರಿಗೆ ನಿಜಕ್ಕೂ ಸಂಕಟವಾಯಿತು, ಜೇಬಿನ ಕಡಲೆಬೀಜವನ್ನೇ ಬಾಯಿಗೆ ಹಾಕಿಕೊಂಡರು.

"ಉಪ್ಪು ತಿಂದವರು ನೀರು ಕುಡೀಲೇಬೇಕು. ಕುಡೀರಿ," ಎಂದು ಹೆಂಡತಿ ಲೋಟವನ್ನು ಅವರ ಮುಂದಿಟ್ಟಳು.

ಅವರು ಪೂರ್ತಿ ಕುಡಿದರು.

"ನನ್ನ ಮಂಡಿ ಆಪರೇಷನ್ ಆದ ವಾರ ಅದು. ಆಸ್ಪತ್ರೆ ಚೀಟಿ ಇದೆ, ತಾರೀಕು ಸಮೇತ," ಎಂದರು. "ಅವತ್ತಿಂದ ನೀರು ತೆಗೆದಿದ್ದೆಲ್ಲ ಇವಳು. ಅದಕ್ಕೆ ಮುಂಚಿನ ಉಪ್ಪು ನಂದು."

ವಿಜ್ಞಾನಿ ನಕ್ಷೆಯ ಮೇಲೆ ಎರಡು ಗೆರೆ ಎಳೆದಳು. "ಕೈ ಬದಲಾಗಿದ್ದು ಹನ್ನೆರಡರಲ್ಲಿ. ಆಗ ಆಮ್ಲ ಒಂಚೂರೂ ಅಲ್ಲಾಡಿಲ್ಲ. ಇಳಿದಿದ್ದು ಹದಿನೈದರಲ್ಲಿ, ಯಂತ್ರ ಬಂದ ಮೇಲೇನೇ. ಇಷ್ಟು ಸಾಕು, ಬರೆದುಕೊಡಿ."

ಮೇಷ್ಟ್ರು ಬರೆದರು. ಹನ್ನೆರಡು ವರ್ಷಕ್ಕೆ ತಮ್ಮ ಹೆಸರು, ಉಳಿದ ಹನ್ನೆರಡಕ್ಕೆ ಹೆಂಡತಿಯದು. ಅವಳು ಆ ಸಾಲನ್ನು ಎರಡು ಸಲ ಓದಿದಳು. ಕಣ್ಣು ತುಂಬಿದ್ದನ್ನು ಸೆರಗಿನಲ್ಲಿ ಒರೆಸಿಕೊಂಡಳು.

"ಸನ್ಮಾನದ ದಿನ ನೀವೇನೂ ಯೋಚನೆ ಮಾಡಬೇಡಿ," ಎಂದಳು. "ಭಾಷಣ ನಂಗೆ ಬಾಯಿಪಾಠ ಆಗಿದೆ. ನಾನು ವೇದಿಕೆ ಹತ್ತುವಾಗ ನೀವು ಕೆಳಗೆ ನಿಂತು ಹುಷಾರು ಅಂದ್ರೆ ಸಾಕು."