ಕುರ್ಚಿಗೆ ನೇತುಹಾಕಿದ ಚೀಲ

ಗೋಡೆ ಗಡಿಯಾರದ ಮುಳ್ಳು ಏಳರ ಮೇಲಿದೆಯೋ ಎಂಟರ ಮೇಲೋ, ಪಂಡಿತನಿಗೆ ಕಣ್ಣೇ ನಿಲ್ಲುತ್ತಿಲ್ಲ, ಆಸ್ಪತ್ರೆಯ ನೆಲ ಒರೆಸಿದ ಔಷಧದ ವಾಸನೆ ಮೂಗಿಗೆ ಅಡರುತ್ತಿದೆ, ಬಾಗಿಲಾಚೆ ಲಂಬು ಮಲಗಿದ್ದಾನೆ, ಉಸಿರಾಡ್ತಿದ್ದಾನೆ ಅಂದರು, ಅಂದರೋ ಇಲ್ಲಾ ಯಂತ್ರ ಆಡಿಸ್ತಿದೆ ಅಂದರೋ — ಹಾಸ್ಟೆಲಿನಲ್ಲಿ ಇವನಿಗೆ ಪಂಡಿತ ಅಂತ ಹೆಸರಿಟ್ಟವನೇ ಲಂಬು, ಎಲ್ಲದಕ್ಕೂ ಒಂದು ನಿಯಮ ಹೇಳ್ತೀಯಲ್ಲೋ ಅಂತ, ಹೌದು, ಚೀಲದ ನಿಯಮವೂ ಇವನದೇ, ಕುಡಿದು ಬಿದ್ದವನ ಬೆನ್ನಿಗೆ ಪುಸ್ತಕ ತುಂಬಿದ ಚೀಲ ಹಾಕಿ ಮಗ್ಗುಲಾಗಿ ಮಲಗಿಸಬೇಕು, ಅಂಗಾತ ಹೊರಳಿದರೆ ವಾಂತಿ ಉಸಿರಿನ ದಾರಿಗೆ ಹೋಗುತ್ತೆ, ಒಬ್ಬ ಕುಡಿಯದೆ ಕಾಯಬೇಕು. ನಿನ್ನೆ ಕಾಯುವ ಸರದಿ ಇವನದು. ಒಂದೇ ಲೋಟ ಕುಡಿದದ್ದು, ಪರೀಕ್ಷೆ ಮುಗೀತಲ್ಲ, ಒಂದಕ್ಕೆ ಏನಾಗುತ್ತೆ — ಎರಡಾ? ಎರಡನೆಯದು ಲಂಬು ಕೊಟ್ಟದ್ದಾ, ತಾನೇ ಎತ್ತಿಕೊಂಡದ್ದಾ? ಥೂ, ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ರಾತ್ರಿ ಬೆನ್ನಿಗೆ ಚೀಲ ಹಾಕಿ ಮಲಗಿಸಿದ್ದ, ಪಟ್ಟಿ ಹೆಗಲಿಗೆ ಕಚ್ತಿದೆ, ತೆಗಿಯೋ, ಅಂತ ಲಂಬು ಮಗುವಿನ ಹಾಗೆ ಗೊಣಗಿದ, ಪಾಪ ಅನ್ನಿಸಿತು, ಚೀಲ ಇಳಿಸಿ ಕುರ್ಚಿಗೆ ನೇತುಹಾಕಿದ, ಹೊದಿಕೆಯನ್ನೂ ಹೊದಿಸಿದ, ಒಳ್ಳೇದಕ್ಕೇ ಮಾಡಿದ್ದಲ್ಲವಾ, ಆಮೇಲೆ ಲಂಬೂ ಅಂತ ಒಮ್ಮೆ ಕರೆದ ನೆನಪು, ಓಗೊಡಲಿಲ್ಲ, ಗಾಢ ನಿದ್ದೆ ಅಂದುಕೊಂಡ, ಕೂತಲ್ಲೇ ಇವನಿಗೂ ಕಣ್ಣು ಹತ್ತಿತು, ಎಚ್ಚರವಾದಾಗ ಆ ತುಟಿಯ ಬಣ್ಣ, ಅಯ್ಯೋ — ಡಾಕ್ಟರಮ್ಮ ಸರಿಯಾಗಿ ಉಗಿದರು, ಚೀಲವಂತೆ ಚೀಲ, ಕರೆದರೆ ಓಗೊಡದವನನ್ನ ಮಲಗಿಸ್ತೀರೇನ್ರೋ, ಆಗಲೇ ಆಂಬುಲೆನ್ಸ್ ಕರೀಬೇಕಿತ್ತು — ಆದರೆ ಮಾತಾಡಿದ್ದನಲ್ಲ, ತೆಗಿಯೋ ಅಂದಿದ್ದನಲ್ಲ, ಅದು ಮೊದಲಾ, ಕರೆದದ್ದು ಮೊದಲಾ, ತಲೆ ಗೊಬ್ಬರದ ಗುಂಡಿ, ಒಂದೂ ಸಾಲಿಗೆ ನಿಲ್ಲುತ್ತಿಲ್ಲ, ರೂಮಿನ ಆ ಕುರ್ಚಿ ಮಾತ್ರ ಕಣ್ಣೊಳಗೆ ನಿಂತಿದೆ, ಅದರ ಮೇಲೆ ಚೀಲ. ಯಾರೋ ಓಡಿ ಬರುವ ಸದ್ದು, ಲಂಬುವಿನ ಅಮ್ಮ, ಒಂದು ಚಪ್ಪಲಿಯ ಪಟ್ಟಿ ಹಾಕಿಲ್ಲ, ಇವನ ಎರಡೂ ಕೈ ಹಿಡಿದುಕೊಂಡರು, ನೀನಿದ್ದೆಯಲ್ಲಪ್ಪಾ ಜೊತೆಗೆ, ಪಂಡಿತ ಕುಡಿಯಲ್ಲಮ್ಮಾ, ಅವನು ನೋಡ್ಕೋತಾನೆ ಅಂತಿದ್ದ, ಅದಕ್ಕೇ ನಾನು ನಿಶ್ಚಿಂತೆಯಾಗಿದ್ದೆ, ಇವನು ಬಾಯಿ ತೆರೆದ, ನಿನ್ನೆಯ ವಾಸನೆ ಇನ್ನೂ ಇದೆ, ಮುಚ್ಚಿಕೊಂಡ, ಅವನ ಚೀಲ ಎಲ್ಲಪ್ಪಾ, ಗುರುತಿನ ಕಾರ್ಡು ಕೇಳ್ತಿದ್ದಾರೆ, ಚೀಲ ಎಲ್ಲಿ — ರೂಮಲ್ಲಿದೆ ಅಮ್ಮಾ, ನಾನೇ ತೆಗೆದೆ, ನಾನೂ ಕುಡಿದಿದ್ದೆ, ಅಂದನೋ, ಬರೀ ಅಂದುಕೊಂಡನೋ, ಆ ತಾಯಿಯ ಕೈ ಸಡಿಲವಾಯಿತೋ ಇನ್ನೂ ಹಿಡಿದೇ ಇದೆಯೋ, ಕಣ್ಣ ಮುಂದೆ ಅದೊಂದೇ, ಜಿಪ್ಪು ಹಾಕಿ, ಪುಸ್ತಕ ತುಂಬಿಕೊಂಡು, ಕುರ್ಚಿಯ ಬೆನ್ನಿಗೆ ಚೀಲ.